ಗಾಳಿ ಫ್ಯಾನಿಗೆ ಅಳತೆ

ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿವೆ
ಧರಣಿಯ ಆರು ವರ್ಷ.
ಮುಂಭಾಗ, ಬೆನ್ನು, ಎರಡು ತೋಳಿಗೂ ಒಂದೇ ಪೇಪರು.
ಒಂದರ ಕಂಕುಳಲ್ಲಿ ಚಳ್ಳಕೆರೆಯ ಶೇಂಗಾ ದರ,
ಇನ್ನೊಂದರ ಕೊರಳ ಸುತ್ತ ಯಾರದೋ ಶ್ರದ್ಧಾಂಜಲಿ,
ಕತ್ತರಿ ಹೋದಲ್ಲಿ
ಅರ್ಧ ಮೀಸೆ ಉಳಿದಿದೆ.

ಖುರ್ಷಿದಾ ಟೀಚರ್ ಹೇಳಿಕೊಟ್ಟಿದ್ದು:
ತಪ್ಪೆಲ್ಲ ಪೇಪರಿನ ಮೇಲೆ ಮಾಡು, ಪೇಪರು ಅಳೋದಿಲ್ಲ.
ಗೆರೆಯ ಆಚೆ ಅರ್ಧ ಇಂಚು ಹೊಲಿಗೆಗೆ ಬಿಡು,
ಕೆಳಗೆ ಮೂರು ಇಂಚು ಒಳಗೆ ಮಡಚು.
ಮಗು ಬೆಳೀತದೆ. ಬಟ್ಟೆ ಬೆಳೆಯಲ್ಲ.

ಈ ಸಲ ಛದ್ಮವೇಷಕ್ಕೆ ಓಬವ್ವ ಆಗು ಅಂದೆ.
ಅಳತೆ ಇದೆ, ಕಚ್ಚೆಗೆ ಎಲಾಸ್ಟಿಕ್ಕೂ ಇದೆ,
ಥರ್ಮಾಕೋಲಿನ ಒನಕೆ ಅಟ್ಟದ ಮೇಲೆ.
"ಕ್ಲಾಸಲ್ಲಿ ಒಂಬತ್ತು ಜನ ಓಬವ್ವ ಅಮ್ಮಾ,
ಕಿಂಡಿ ಇರೋದು ಒಂದೇ.
ನಾನು ಜೋಗಿಮಟ್ಟಿ ಫ್ಯಾನ್ ಆಗ್ತೀನಿ."

ಮಹಡಿಗೆ ಬಟ್ಟೆ ಹರವಲು ಹೋದರೆ ಕಾಣುತ್ತವೆ,
ಗುಡ್ಡದ ಬೆನ್ನುದ್ದಕ್ಕೂ, ಬಿಳೀ,
ಯಾವ ಬಸ್ಸಿಗೋ ಕೈ ಮಾಡುತ್ತ ನಿಂತವರ ಹಾಗೆ.
ಅದಕ್ಕೆ ಅಳತೆ ಎಲ್ಲಿಂದ ತರಲಿ?
ಎದೆಯಿಲ್ಲ, ಸೊಂಟವಿಲ್ಲ,
ಕೊರಳಿದ್ದರೂ ಯಾರು ಹತ್ತಿ ನೋಡಿದ್ದಾರೆ.

ರೊಟ್ಟಿ ಬಡಿಯುತ್ತಿದ್ದಾಗ ಹೊಳೆಯಿತು:
ರೆಕ್ಕೆ ಅಂದರೆ ಕೈ ಇಲ್ಲದ ತೋಳು.

ಹಿಟ್ಟಿನ ಕೈಯಲ್ಲೇ
ಅವಳ ನಾಲ್ಕನೇ ವರ್ಷದ ತೋಳನ್ನು ಮೊಳೆಯಿಂದ ಇಳಿಸಿದೆ,
ಉದ್ದಕ್ಕೆ ಒಂದು ಗೇಣು ಅಂಟಿಸಿದೆ, ತುದಿ ಚೂಪು ಮಾಡಿದೆ,
ಸಂತೆಪೇಟೆಯಿಂದ ತಂದ ಕೋರಾ ಬಟ್ಟೆ, ಇನ್ನೂ ಗಂಜಿ ವಾಸನೆ,
ಮಡಿಕೆಯ ಮೇಲಿಟ್ಟು ಮೂರು ಸಲ ಕತ್ತರಿಸಿದೆ.
ಒಳಗೆ ಪೊರಕೆ ಕಡ್ಡಿ.
ಕಂಬಕ್ಕೆ ಕುತ್ತಿಗೆಯಿಂದ ಪಾದದವರೆಗೆ ನೆಟ್ಟಗೆ ಒಂದು ನಿಲುವಂಗಿ,
ಇಷ್ಟು ಸುಲಭದ ಬಟ್ಟೆ ನಾನು ಜನ್ಮದಲ್ಲಿ ಹೊಲಿದಿಲ್ಲ.
ತಿರುಗುವುದೊಂದೇ ಬಾಕಿ.
ಗುಂಡಿ ಇಟ್ಟರೆ ಸಿಕ್ಕಿಕೊಂಡಿತು, ಹುಕ್ಕು ಇಟ್ಟರೆ ಜೋತುಬಿತ್ತು.
ರಾತ್ರಿ ಹನ್ನೊಂದಕ್ಕೆ
ಮೆಷಿನ್ನಿನಲ್ಲಿದ್ದ ಒಂದೇ ನೆಟ್ಟಗಿನ ಬಾಬಿನ್ ತೆಗೆದು, ದಾರ ಬಿಚ್ಚಿ,
ಮುರಿದ ಕೊಡೆಯ ಕಡ್ಡಿಗೆ ಪೋಣಿಸಿ
ನಿಲುವಂಗಿಯ ಎದೆಗೆ ಕೂರಿಸಿದೆ.
ಬೆರಳು ತಾಗಿಸಿದೆ. ತಿರುಗಿತು!

ಗೋಡೆ ಕಡೆ ಹೊರಳುತ್ತ ಅತ್ತೆ ತಿಪ್ಪಕ್ಕ ಅಂದರು,
"ಹೆಣ್ಣು ಮಗೀಗೆ ದೇವರು ದಿಂಡರು ಯಾವ್ದೂ ಸಿಗಲಿಲ್ವೇನೇ?"

ಸ್ಟೇಜಿನ ಮೇಲೆ ಒಂಬತ್ತು ಒನಕೆ ಎದ್ದವು, ಒಂಬತ್ತು ಬಿದ್ದವು.
ನಡುವೆ ಒಬ್ಬ ಟೊಮ್ಯಾಟೊ ಅಳುತ್ತ ಇಳಿದುಹೋದ.
ಆಮೇಲೆ ಇವಳು,
ಬಾಗಿಲಿಗೆ ರೆಕ್ಕೆ ತಗುಲಿ
ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದಳು.
ಹೇಳಬೇಕಿದ್ದದ್ದು ಎರಡೇ ಮಾತು. ಮರೆತಿತು.
ಹಾಲಿನಲ್ಲಿ ಗಾಳಿಯೂ ಇಲ್ಲ.
ಇಡೀ ಚಿತ್ರದುರ್ಗದಲ್ಲಿ ಗಾಳಿ ಇಲ್ಲದ ಜಾಗ ಅದೊಂದೇ ಇರಬೇಕು,
ಅಲ್ಲೇ ನನ್ನ ಮಗಳು ನಿಂತಿದ್ದಳು.

ನಿಂತು, ಕುತ್ತಿಗೆ ಬಗ್ಗಿಸಿ,
ತನ್ನೆದೆಗೆ ತಾನೇ ಊದಿಕೊಂಡಳು,
ಉಫ್, ಉಫ್,
ಬಿಸಿ ಹಾಲಿಗೆ ಊದುವ ಹಾಗೆ.
ಮೈಕಿನಲ್ಲಿ ಆ ಉಸಿರೊಂದೇ ಕೇಳಿಸಿತು.
ಒಂದು ರೆಕ್ಕೆ ಅಲ್ಲಾಡಿತೋ ಇಲ್ಲವೋ
ನಾನು ಸರಿಯಾಗಿ ನೋಡಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದೆ.
ಬಹುಮಾನ ನಾಲ್ಕನೇ ಓಬವ್ವನಿಗೆ.

ವಾರವಾಯಿತು. ಮೆಹಬೂಬಿಯ ರವಿಕೆ ತೋಳಿಲ್ಲದೆ ಕೂತಿದೆ.
ಬಾಬಿನ್ ಕೊಡೇ ಅಂದರೆ ಎದೆಗೆ ಕೈ ಅಡ್ಡ ಹಿಡಿಯುತ್ತಾಳೆ,
ಫ್ಯಾನು ತೊಟ್ಟೇ ಮಲಗುತ್ತಾಳೆ.
ಇವತ್ತು ಇಕ್ಕಳ ಹಿಡಿದು ಪಕ್ಕದಲ್ಲಿ ಕೂತೆ.
ಮಗ್ಗುಲು ಬದಲಿಸಿದಳು, ಒಳಗಿನ ಕಡ್ಡಿ ಲಟ್ ಅಂತು,
ನಿಲುವಂಗಿಯ ಅಂಚು ಆಗಲೇ ಕಣಕಾಲಿನ ಮೇಲಿದೆ,
ಒಂದು ವಾರದಲ್ಲಿ ಯಾರಾದರೂ ಬೆಳೆಯುತ್ತಾರಾ?
ನಾನೇ ಮಡಿಕೆ ಬಿಡಲು ಮರೆತಿದ್ದೆ.

ಎದ್ದು ಬಂದು ಆ ತೋಳಿನ ಪೇಪರನ್ನು ಮೊಳೆಗೆ ಹಾಕಿದೆ.
ಪೆನ್ಸಿಲ್ಲಿನಲ್ಲಿ ಬರೆದೆ: ಫ್ಯಾನು, ಆರು ವರ್ಷ,
ಮೂರು ಸಲ ಕತ್ತರಿಸುವುದು.
ಅದರ ಕೆಳಗೆ, ನಾಳೆಯ ಸಾಮಾನಿನ ಚೀಟಿಗೆ ಬರೆಯಬೇಕಾದ್ದನ್ನು
ಅಲ್ಲೇ ಬರೆದುಬಿಟ್ಟೆ:
ಬೆಲ್ಲ, ಸೀಗೆಪುಡಿ, ಬಾಬಿನ್ ಒಂದು.